ಹುಳುಕು ಹಲ್ಲಿಗೆ ಅಂಟು ಎಷ್ಟು ಗಟ್ಟಿ?

ಕಳೆದ ದೀಪಾವಳಿಯ ಮರುದಿನ ಕೋಡುಬಳೆ ಕಡಿಯುವಾಗ ನನ್ನ ಕೆಳದವಡೆಯ ಹಲ್ಲೊಂದರಿಂದ ಬಿಳಿಯ ಚೂರು ಕಿತ್ತು ಬಂದಿತು. ಎರಡು ವರ್ಷದ ಹಿಂದೆ ತುಂಬಿಸಿಕೊಂಡಿದ್ದ ಫಿಲ್ಲಿಂಗ್ ಅದು. ನಮ್ಮ ಮನೆಯ ಹಿರಿಯರು ಈಗಲೂ ಅದನ್ನು 'ಸಿಮೆಂಟು' ಎಂದೇ ಕರೆಯುತ್ತಾರೆ. ಚೂರನ್ನು ಕಾಗದದಲ್ಲಿ ಮಡಿಸಿಕೊಂಡು ಮನೆಗೆ ಹತ್ತಿರದ ದಂತವೈದ್ಯೆಯೊಬ್ಬರಲ್ಲಿಗೆ ಹೋದೆ. ಹಿಂದೆ ನನ್ನ ತರಗತಿಯಲ್ಲಿ ಪಿಯುಸಿ ಓದಿದ ಹುಡುಗಿ. "ಹಿಂದಿನವರು ಹಾಕಿದ ಅಂಟು ಸರಿಯಿರಲಿಲ್ಲವೇನಮ್ಮ?" ಎಂದು ಕೇಳಿದೆ. ಆಕೆ ಚೂರಿನ ಅಡಿಭಾಗವನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ, "ಅಂಟು ಬಿಟ್ಟಿಲ್ಲ ಸಾರ್, ಹಲ್ಲೇ ಬಿಟ್ಟಿದೆ. ನೋಡಿ, ಕಂದು ಪದರ ಇದರ ಜೊತೆಗೇ ಬಂದಿದೆ" ಎಂದರು.

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನಿಗೆ ತನ್ನ ಬಾಯೊಳಗೇ ಇದ್ದ ಪಾಠವನ್ನು ಶಿಷ್ಯೆ ತೋರಿಸಿಕೊಟ್ಟಂತಾಯಿತು. ಹಳೆಯ ಸುಣ್ಣದ ಗೋಡೆಗೆ ಮೈದಾ ಹಿಟ್ಟಿನ ಅಂಟಿನಿಂದ ಸಿನಿಮಾ ಪೋಸ್ಟರ್ ಹಚ್ಚುತ್ತಾರಲ್ಲ, ಕೆಲವು ದಿನಗಳಲ್ಲಿ ಅದು ಸುಣ್ಣದ ಹಕ್ಕಳೆಯ ಸಮೇತ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಅಂಟು ಕಾಗದವನ್ನೂ ಬಿಟ್ಟಿಲ್ಲ, ಸುಣ್ಣವನ್ನೂ ಬಿಟ್ಟಿಲ್ಲ. ಸುಣ್ಣ ಗೋಡೆಯನ್ನು ಬಿಟ್ಟಿದೆ. ಆರೋಗ್ಯವಂತ ಹಲ್ಲಿಗೂ ಹುಳುಕು ಹಲ್ಲಿಗೂ ಅಂಟು ಹಿಡಿಯುವುದರಲ್ಲಿರುವ ವ್ಯತ್ಯಾಸದ ಒಂದು ಮುಖ್ಯ ಭಾಗ ಈ ಪೋಸ್ಟರಿನಲ್ಲಿದೆ. ಉಳಿದ ಭಾಗಕ್ಕೆ ಹಲ್ಲಿನ ರಚನೆಯೊಳಗೆ ಸ್ವಲ್ಪ ಇಳಿಯಬೇಕು.

ಕಚ್ಚಿನಿಂದ ಅಂಟಿಗೆ

ಹಲ್ಲು ತುಂಬುವ ಕೆಲಸ ಬಹುಕಾಲ ಅಂಟಿನದಾಗಿರಲಿಲ್ಲ, ಬಡಗಿಯ ಕೆಲಸವಾಗಿತ್ತು. ಪಾದರಸ ಮತ್ತು ಬೆಳ್ಳಿಯ ಮಿಶ್ರಲೋಹವಾದ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಅದು ನಿಲ್ಲಬೇಕಾದರೆ ಗುಳಿಯ ಬಾಯಿ ಕಿರಿದು, ತಳ ಅಗಲ ಇರುವಂತೆ ಕೊರೆಯಬೇಕು. ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಗುಳಿಗಳ ಆಕಾರ, ಕೋನಗಳನ್ನೆಲ್ಲ ಶಾಸ್ತ್ರೀಯವಾಗಿ ವಿಧಿಸಿದ. ಇದರ ಬೆಲೆ ತೆತ್ತದ್ದು ಆರೋಗ್ಯವಂತ ಹಲ್ಲು. ಹುಳುಕು ಸಾಸಿವೆಯಷ್ಟಿದ್ದರೂ ಕಚ್ಚು ಹಿಡಿಯಲು ಕಡಲೆಯಷ್ಟು ಕೊರೆಯಬೇಕಾಗುತ್ತಿತ್ತು.

1955ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿದ್ದ ಮೈಕೆಲ್ ಬ್ಯುನೊಕೋರ್ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಲೋಹದ ತಗಡಿಗೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲದಿಂದ ತೊಳೆಯುವುದನ್ನು ಅವರು ಬಲ್ಲವರಾಗಿದ್ದರು. ಅದೇ ಆಮ್ಲವನ್ನು ಶೇಕಡ 85ರ ಸಾಂದ್ರತೆಯಲ್ಲಿ ಅರ್ಧ ನಿಮಿಷ ಹಲ್ಲಿನ ಮೇಲೆ ಹಚ್ಚಿ, ತೊಳೆದು, ಒಣಗಿಸಿ ಅಕ್ರಿಲಿಕ್ ರಾಳವನ್ನು ಅಂಟಿಸಿದರು. ಆಮ್ಲ ಹಚ್ಚದ ಹಲ್ಲಿನ ಮೇಲೆ ಕೆಲವು ಗಂಟೆಗಳೂ ನಿಲ್ಲಲು ಕಷ್ಟಪಡುತ್ತಿದ್ದ ರಾಳ, ಆಮ್ಲ ಹಚ್ಚಿದ ಹಲ್ಲಿನ ಮೇಲೆ ವಾರಗಟ್ಟಲೆ ನಿಂತಿತು. 1962ರಲ್ಲಿ ರೇ ಬೋವೆನ್ ರೂಪಿಸಿದ ಬಿಸ್-ಜಿಎಂಎ ಎಂಬ ರಾಳ ಬಂದಮೇಲೆ ಈ ವಿಧಾನಕ್ಕೆ ತಕ್ಕ ಪದಾರ್ಥವೂ ದೊರೆಯಿತು. ರಾಳದಲ್ಲಿ ಗಾಜಿನ ಪುಡಿಯಂಥ ನುಣ್ಣನೆಯ ಕಣಗಳನ್ನು ಬೆರೆಸಿದ ಮಿಶ್ರಣವೇ ಇಂದಿನ ಕಾಂಪೊಸಿಟ್, ಹಲ್ಲಿನ ಬಣ್ಣದ ಫಿಲ್ಲಿಂಗ್. ಪಾದರಸದ ಬಳಕೆಯನ್ನು ತಗ್ಗಿಸುವ 2013ರ ಮಿನಮಾಟ ಒಪ್ಪಂದದ ನಂತರವಂತೂ ಜಗತ್ತಿನ ಹಲ್ಲುಗಳ ಭಾರವೆಲ್ಲ ಅಂಟಿನ ಮೇಲೆ ಬೀಳುತ್ತಿದೆ.

ಆಮ್ಲ ಮಾಡುವುದೇನು?

ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಶೇಕಡ 96ರಷ್ಟು ಖನಿಜ. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಸುಮಾರು 5 ಮೈಕ್ರಾನ್ ದಪ್ಪದ ಕಡ್ಡಿಗಳಾಗಿ ಒತ್ತೊತ್ತಾಗಿ ನಿಂತಿರುತ್ತವೆ. ಆಮ್ಲ ಹಚ್ಚಿದಾಗ ಕಡ್ಡಿಯ ನಡುಭಾಗವೂ ಅಂಚೂ ಬೇರೆ ಬೇರೆ ವೇಗದಲ್ಲಿ ಕರಗುತ್ತವೆ. ಗಾಜಿನಂತಿದ್ದ ಮೇಲ್ಮೈ ಸುಣ್ಣದ ಕಲ್ಲಿನಂತೆ ಮಂಕಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಹುಟ್ಟಿನಂತೆ ರಂಧ್ರಮಯ. ಹಳೆಯ ಸಿಮೆಂಟ್ ಗೋಡೆಗೆ ಹೊಸ ಗಾರೆ ಹಿಡಿಯಲೆಂದು ಗಾರೆಯವನು ಮೊದಲು ಉಳಿಯಿಂದ ಕಚ್ಚು ಹೊಡೆಯುತ್ತಾನಲ್ಲ, ಅದೇ ಕೆಲಸ ಇಲ್ಲಿ ಮೈಕ್ರಾನ್ ಗಾತ್ರದಲ್ಲಿ ನಡೆಯುತ್ತದೆ.

ಆದರೆ ರಂಧ್ರವಿದ್ದರೆ ಸಾಲದು, ರಾಳ ಅದರೊಳಕ್ಕೆ ಹೋಗಬೇಕು. ಕೆಸುವಿನೆಲೆಯ ಮೇಲೆ ನೀರು ಮುತ್ತಾಗಿ ನಿಲ್ಲುತ್ತದೆ, ತೊಳೆದ ಗಾಜಿನ ಮೇಲೆ ಹರಡುತ್ತದೆ. ದ್ರವದ ಅಂಚು ಘನದ ಮೇಲ್ಮೈಯೊಡನೆ ಮಾಡುವ ಸ್ಪರ್ಶಕೋನ ಚಿಕ್ಕದಾದಷ್ಟೂ ಒದ್ದೆಯಾಗುವಿಕೆ ಹೆಚ್ಚು. ಈ ಕೋನವನ್ನು ಮೂರು ಮೇಲ್ಮೈ ಶಕ್ತಿಗಳ ಹಗ್ಗಜಗ್ಗಾಟದ ಫಲವೆಂದು 1805ರಲ್ಲೇ ಥಾಮಸ್ ಯಂಗ್ ವಿವರಿಸಿದ್ದಾನೆ. ಆಮ್ಲ ಹಲ್ಲಿನ ಮೇಲಿದ್ದ ಜೊಲ್ಲಿನ ಪ್ರೋಟೀನ್ ಪೊರೆಯನ್ನು ತೆಗೆದು, ಹೊಸ ಖನಿಜವನ್ನು ಹೊರಗೆಡವಿ, ಮೇಲ್ಮೈ ಶಕ್ತಿಯನ್ನು ಎರಡು ಪಟ್ಟಿಗೂ ಮೀರಿ ಏರಿಸುತ್ತದೆ. ತೆಳುವಾದ ರಾಳ ಹಚ್ಚಿದೊಡನೆ ಲೋಮನಾಳ ಕ್ರಿಯೆ ಅದನ್ನು ಒಳಕ್ಕೆ ಹೀರುತ್ತದೆ. ಎಷ್ಟು ಬಲದಿಂದ? ರಾಳದ ಮೇಲ್ಮೈ ಎಳೆತ ಮೀಟರಿಗೆ 0.04 ನ್ಯೂಟನ್, ರಂಧ್ರದ ತ್ರಿಜ್ಯ 1 ಮೈಕ್ರಾನ್ ಎಂದಿಟ್ಟುಕೊಳ್ಳಿ. ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದರೆ 80,000 ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಐದರಲ್ಲಿ ನಾಲ್ಕು ಭಾಗ ಬರುತ್ತದೆ. ಯಾರೂ ಒತ್ತಬೇಕಾಗಿಲ್ಲ.

ಇದನ್ನೆಲ್ಲ ಕೆಡಿಸಲು ಒಂದು ಹನಿ ಜೊಲ್ಲು ಸಾಕು. ಹಲಸಿನ ಹಣ್ಣು ಬಿಡಿಸುವ ಮುಂಚೆ ಅಜ್ಜಿ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ನೆನೆಯಿರಿ. ಹಲಸಿನ ಮೇಣದಂಥ ಜಿಗುಟು ವಸ್ತುವನ್ನೂ ಒಂದು ತೆಳ್ಳನೆಯ ಪೊರೆ ಸೋಲಿಸುತ್ತದೆ. ದಂತವೈದ್ಯರು ಬಾಯಿಗೆ ಹತ್ತಿಯ ಉಂಡೆ ತುರುಕಿ, ಜೊಲ್ಲು ಹೀರುವ ನಳಿಗೆ ಇಟ್ಟು, ಕೆಲವೊಮ್ಮೆ ರಬ್ಬರ್ ಹಾಳೆ ಕಟ್ಟಿ ನಮ್ಮನ್ನು ಮಾತಾಡಗೊಡದೆ ಕೂರಿಸುವುದು ಇದಕ್ಕೇ.

ನಮ್ಮ ನಾಡಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಾವಗಡ, ಕೋಲಾರ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವ ಊರುಗಳುಂಟು. ಅಲ್ಲಿ ಬೆಳೆದವರ ಹಲ್ಲಿನ ಹೊರಪದರ ಫ್ಲೋರೈಡ್ ಸೇರಿ ಆಮ್ಲಕ್ಕೆ ಸುಲಭವಾಗಿ ಕರಗದಂತಾಗಿರುತ್ತದೆ. ಅದರ ಕೆಳಗಿನ ಪದರವೋ ಟೊಳ್ಳುಟೊಳ್ಳು. ಎಲ್ಲರಿಗೂ ಹಚ್ಚುವಷ್ಟೇ ಹೊತ್ತು ಆಮ್ಲ ಹಚ್ಚಿದರೆ ಇವರ ಹಲ್ಲಿಗೆ ಅಂಟು ಸರಿಯಾಗಿ ಕೂರುವುದಿಲ್ಲ. ಹೆಚ್ಚು ಹೊತ್ತು ಹಚ್ಚಬೇಕು, ಇಲ್ಲವೇ ಮೇಲ್ಪದರವನ್ನು ತುಸು ಉಜ್ಜಿ ತೆಗೆಯಬೇಕು. ಹುಳುಕಿಲ್ಲದಿದ್ದರೂ ಎಲ್ಲ ಎನಾಮಲ್ಲೂ ಒಂದೇ ಅಲ್ಲ.

ಡೆಂಟಿನ್ ಎಂಬ ಒದ್ದೆ ಗೋಡೆ

ಎನಾಮಲ್ಲಿನ ಕತೆ ಮುಗಿಯಿತು ಎನ್ನಬಹುದು. ಎಪ್ಪತ್ತು ವರ್ಷಗಳ ಹಿಂದಿನ ಆ ವಿಧಾನವೇ, ಆಮ್ಲದ ಸಾಂದ್ರತೆಯನ್ನು ಶೇಕಡ 35-37ಕ್ಕೆ ಇಳಿಸಿಕೊಂಡು, ಇಂದಿಗೂ ನಡೆಯುತ್ತಿದೆ. ನಿಜವಾದ ತೊಡಕು ಅದರ ಒಳಗಿನ ಡೆಂಟಿನ್ನಿನದು.

ಡೆಂಟಿನ್ ತೂಕದಲ್ಲಿ ಸುಮಾರು ಶೇಕಡ 70 ಖನಿಜ, 20 ಕೊಲಾಜನ್ ಮುಂತಾದ ಜೈವಿಕ ವಸ್ತು, 10 ನೀರು. ಗಾತ್ರದ ಲೆಕ್ಕದಲ್ಲಿ ನೋಡಿದರೆ ಖನಿಜ ಅರ್ಧದಷ್ಟೇ. ಇದರೊಳಗೆ ಹೊರಗಿನಿಂದ ಹಲ್ಲಿನ ತಿರುಳಿನ ತನಕ ಸೂಕ್ಷ್ಮನಾಳಗಳು ಹಾದುಹೋಗಿವೆ. ಎನಾಮಲ್ಲಿನ ಬಳಿ ಚದರ ಮಿಲಿಮೀಟರಿಗೆ ಸುಮಾರು 20,000 ನಾಳಗಳಿದ್ದರೆ ತಿರುಳಿನ ಬಳಿ ಅದರ ಎರಡರಷ್ಟಕ್ಕೂ ಹೆಚ್ಚು. ಅಲ್ಲಿ ನಾಳಗಳ ಅಗಲವೂ ಹೆಚ್ಚು. ಹಾಗಾಗಿ ಮೇಲ್ಮೈಯಲ್ಲಿ ನಾಳಗಳ ಪಾಲು ಹೊರಗಡೆ ಶೇಕಡ 1ರಷ್ಟಿದ್ದದ್ದು ಒಳಗಡೆ ಶೇಕಡ 20ನ್ನು ದಾಟುತ್ತದೆ. ನಾಳಗಳ ತುಂಬ ದ್ರವ. ತಿರುಳಿನ ಕಡೆಯಿಂದ ಸುಮಾರು 15 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತಡ ಆ ದ್ರವವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಅಂದರೆ ದಂತವೈದ್ಯರು ಅಂಟಿಸಬೇಕಾದದ್ದು ಸದಾ ಒಸರುವ ಗೋಡೆಗೆ, ಅದೂ ನೀರನ್ನು ಒಲ್ಲದ ರಾಳವನ್ನು! ಗುಳಿ ಆಳವಾದಷ್ಟೂ ಕಷ್ಟ ಹೆಚ್ಚು. ಇದು ಹುಳುಕಿನ ಮಾತು ಬರುವ ಮುಂಚಿನ ಸ್ಥಿತಿ.

1979ರಲ್ಲಿ ಟೋಕಿಯೊದ ತಕಾವೊ ಫುಸಾಯಾಮ ಡೆಂಟಿನ್ನಿಗೂ ಆಮ್ಲ ಹಚ್ಚಬಹುದೆಂದು ತೋರಿಸಿದಾಗ ತಿರುಳು ಸತ್ತುಹೋದೀತೆಂದು ಪಶ್ಚಿಮದ ವೈದ್ಯರು ಗಾಬರಿಪಟ್ಟರು. 1982ರಲ್ಲಿ ಅದೇ ಊರಿನ ನೊಬುವೊ ನಕಬಯಾಶಿ ಮತ್ತು ಸಂಗಡಿಗರು ಅಂಟು ಹಿಡಿಯುವ ಬಗೆಯನ್ನು ಬಿಡಿಸಿ ಹೇಳಿದರು. ಆಮ್ಲ ಡೆಂಟಿನ್ನಿನ ಮೇಲಿನ ಕೆಲವು ಮೈಕ್ರಾನ್ ದಪ್ಪದಲ್ಲಿ ಖನಿಜವನ್ನು ಕರಗಿಸಿದಾಗ ಕೊಲಾಜನ್ ಎಳೆಗಳ ಬಲೆ ಬೆತ್ತಲಾಗಿ ಉಳಿಯುತ್ತದೆ. ನೀರನ್ನೂ ರಾಳವನ್ನೂ ಎರಡನ್ನೂ ಸಹಿಸಬಲ್ಲ ಮಾನೊಮರ್ ಅಣುಗಳು ಆ ಬಲೆಯೊಳಗೆ ನುಸುಳಿ ಅಲ್ಲೇ ಗಟ್ಟಿಯಾದರೆ, ಅರ್ಧ ಹಲ್ಲು ಅರ್ಧ ಪ್ಲಾಸ್ಟಿಕ್ ಆದ ಒಂದು ಪದರ ಹುಟ್ಟುತ್ತದೆ. ಇದಕ್ಕೆ ಅವರಿತ್ತ ಹೆಸರು ಹೈಬ್ರಿಡ್ ಪದರ. ನಮ್ಮ ಮಾತಿನಲ್ಲಿ ಮಿಶ್ರಪದರ ಎನ್ನೋಣ. ಕಬ್ಬಿಣದ ಸರಳುಗಳ ನಡುವೆ ಕಾಂಕ್ರೀಟ್ ಸುರಿದಂತೆ. ಆದರೆ ಇಲ್ಲಿ ಸರಳು ಹಲ್ಲಿನದೇ.

ಇಲ್ಲೊಂದು ಸ್ವಾರಸ್ಯವಿದೆ. ತೊಳೆದ ಮೇಲೆ ಗಾಳಿ ಊದಿ ಪೂರ್ತಿ ಒಣಗಿಸಿದರೆ ಅಂಟು ಕೆಡುತ್ತದೆ. ಕೊಲಾಜನ್ ಎಳೆಗಳ ನಡುವಿನ ಸಂದು ಸುಮಾರು 20 ನ್ಯಾನೊಮೀಟರ್. ಆ ಸಂದಿಯಲ್ಲಿ ನೀರು ಆರುವಾಗ ಅದರ ಮೇಲ್ಮೈ ಎಳೆತ ಎಳೆಗಳನ್ನು ಒಂದಕ್ಕೊಂದು ಸೆಳೆಯುತ್ತದೆ. ಹಿಂದಿನ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿದರೆ ನೂರಕ್ಕೂ ಹೆಚ್ಚು ವಾಯುಮಂಡಲದ ಒತ್ತಡ! ತಲೆಗೂದಲು ಒದ್ದೆಯಾದಾಗ ಎಳೆಗಳು ಅಂಟಿ ಜಡೆಗಟ್ಟುವಂತೆ ಬಲೆ ಕುಸಿದು ಚಾಪೆಯಾಗುತ್ತದೆ, ರಾಳಕ್ಕೆ ದಾರಿ ಮುಚ್ಚುತ್ತದೆ. ಹಾಗಾಗಿ 1990ರ ದಶಕದಿಂದ ಡೆಂಟಿನ್ನನ್ನು ತುಸು ಒದ್ದೆಯಾಗಿಯೇ ಬಿಟ್ಟು, ನೀರನ್ನು ಬೆನ್ನಟ್ಟಿ ಓಡಿಸಬಲ್ಲ ಅಸಿಟೋನ್ ಅಥವಾ ಆಲ್ಕೊಹಾಲಿನಲ್ಲಿ ಕರಗಿಸಿದ ಅಂಟನ್ನು ಹಚ್ಚುವ ಪದ್ಧತಿ ಬಂದಿತು. ಗಾರೆ ಹಾಕುವ ಮುಂಚೆ ಗೋಡೆಗೆ ನೀರುಣಿಸುವ ಮೇಸ್ತ್ರಿಗೆ ಇದು ಹೊಸ ಮಾತಲ್ಲ, ಕಾರಣ ಬೇರೆಯಾದರೂ. ಎಷ್ಟು ಒದ್ದೆ ಎಂಬುದು ಮಾತ್ರ ಕೈಯ ಹದ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಈ ಹದದ ಕಾಟವನ್ನು ತಪ್ಪಿಸಲು ಬಂದದ್ದು ತಾನೇ ಆಮ್ಲವೂ ತಾನೇ ಅಂಟೂ ಆಗಬಲ್ಲ ಮಾನೊಮರುಗಳು. ಜಪಾನಿನ ಕುರಾರೆ ಕಂಪನಿ 1980ರ ದಶಕದ ಆರಂಭದಲ್ಲಿ ರೂಪಿಸಿದ ಎಂಡಿಪಿ ಇವುಗಳಲ್ಲಿ ಮುಖ್ಯವಾದುದು. ಇದರ ಒಂದು ತುದಿಯ ಫಾಸ್ಫೇಟ್ ಗುಂಪು ಹಲ್ಲಿನ ಕ್ಯಾಲ್ಸಿಯಮ್ಮಿನೊಡನೆ ರಾಸಾಯನಿಕವಾಗಿ ಬೆಸೆಯುತ್ತದೆ. ಇಲ್ಲಿ ತೊಳೆಯುವುದೂ ಇಲ್ಲ, ಒಣಗಿಸುವ ಹದವೂ ಬೇಡ. ಖನಿಜವನ್ನು ಪೂರ್ತಿ ಕರಗಿಸದೆ ಉಳಿಸಿಕೊಂಡೇ ಅಂಟುವುದು ಇದರ ಹೆಚ್ಚುಗಾರಿಕೆ. ಖನಿಜವೇ ಕಡಿಮೆಯಿರುವ ಕಡೆ ಇದೇ ಕೊರತೆ ಎಂಬುದು ಮುಂದೆ ತಿಳಿಯುತ್ತದೆ.

ಅಂಟುಬಲವನ್ನು ಅಳೆಯುವ ಬಗೆ

ಕಂಪನಿಗಳ ಕರಪತ್ರಗಳಲ್ಲಿ ಅಂಟುಬಲವನ್ನು ಮೆಗಾಪಾಸ್ಕಲ್ಲಿನಲ್ಲಿ ಕೊಟ್ಟಿರುತ್ತಾರೆ. 1 ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ 1 ನ್ಯೂಟನ್, ಸುಮಾರು 100 ಗ್ರಾಂ ತೂಕ. 20 ಮೆಗಾಪಾಸ್ಕಲ್ ಅಂಟುಬಲವಿದ್ದರೆ 4 ಮಿ.ಮೀ. ಉದ್ದ 4 ಮಿ.ಮೀ. ಅಗಲದ ಫಿಲ್ಲಿಂಗನ್ನು ನೇರ ಎಳೆದು ಕೀಳಲು 320 ನ್ಯೂಟನ್ ಬೇಕು. ಒಂದು ಚೀಲ ಅಕ್ಕಿಯನ್ನು ತೂಗುಹಾಕಿದಂತೆ. ಕೇಳಲು ಚೆನ್ನಾಗಿದೆ. ಆದರೆ ಈ ಅಂಕಿ ಬಂದದ್ದು ಹೇಗೆ?

ಕಿತ್ತ ಹಲ್ಲನ್ನು ಕೊಯ್ದು, ಚಪ್ಪಟೆ ಮಾಡಿ, ಅಂಟು ಹಚ್ಚಿ, ಕಾಂಪೊಸಿಟ್ ಕೂರಿಸಿ ಯಂತ್ರದಲ್ಲಿ ಎಳೆಯುತ್ತಾರೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಅಂಟುಬಲ. 1994ರಲ್ಲಿ ಜಪಾನಿನ ಸಾನೊ ಮತ್ತು ಸಂಗಡಿಗರು ಹಲ್ಲನ್ನು ಒಂದು ಮಿಲಿಮೀಟರ್ ಆಸುಪಾಸಿನ ತೆಳು ಕಡ್ಡಿಗಳಾಗಿ ಕೊಯ್ದು ಎಳೆದಾಗ ಒಂದು ವಿಚಿತ್ರ ಕಂಡಿತು. ಅದೇ ಹಲ್ಲು, ಅದೇ ಅಂಟು. ವಿಸ್ತೀರ್ಣ ಚಿಕ್ಕದಾದಷ್ಟೂ ಚದರ ಮಿಲಿಮೀಟರಿನ ಲೆಕ್ಕದಲ್ಲಿ ಅಂಟುಬಲ ಹೆಚ್ಚು! ಭೌತಶಾಸ್ತ್ರ ಓದಿದವರಿಗೆ ಇದು 1920ರ ಗ್ರಿಫಿತ್‌ನನ್ನು ನೆನಪಿಸುತ್ತದೆ. ಗಾಜಿನ ಎಳೆ ತೆಳುವಾದಷ್ಟೂ ಗಟ್ಟಿ, ಏಕೆಂದರೆ ತೆಳು ಎಳೆಯಲ್ಲಿ ದೊಡ್ಡ ಬಿರುಕು ಇರುವ ಸಂಭವ ಕಡಿಮೆ ಎಂದು ಅವನು ವಿವರಿಸಿದ್ದ. ಅಂಟಿನ ಪದರದಲ್ಲೂ ಗಾಳಿಯ ಗುಳ್ಳೆ, ಒಣಗಿದ ತೇಪೆ, ರಾಳ ಮುಟ್ಟದ ಮೂಲೆ ಇರುತ್ತವೆ. ಕೀಳುವಿಕೆ ಆರಂಭವಾಗುವುದು ಅಂಥಲ್ಲಿಂದಲೇ.

ಹೀಗಾಗಿ ಅಂಟುಬಲ ಎನ್ನುವುದು ನೀರಿನ ಸಾಂದ್ರತೆಯ ಹಾಗೆ ವಸ್ತುವಿನ ಗುಣವಲ್ಲ. ಒಂದು ಪ್ರಯೋಗಶಾಲೆಯ 45ನ್ನು ಇನ್ನೊಂದರ 25ರ ಪಕ್ಕದಲ್ಲಿಟ್ಟು ಮೊದಲನೆಯದು ಮೇಲು ಎನ್ನುವುದು ಭೌತಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಮಾಡಬಾರದ ತಪ್ಪು. ಒಂದೇ ಪ್ರಯೋಗದೊಳಗಿನ ಹೋಲಿಕೆಗಷ್ಟೇ ಅರ್ಥವಿದೆ. ಇನ್ನೂ ಒಂದು ಮಾತು. ಪ್ರಯೋಗಕ್ಕೆ ಸುಲಭವಾಗಿ ಸಿಗುವುದು ಕಿತ್ತ ಬುದ್ಧಿಹಲ್ಲುಗಳು ಮತ್ತು ಹುಳುಕಿಲ್ಲದ ಹಲ್ಲುಗಳು. ಕರಪತ್ರದ ಅಂಕಿ ಬಹುಪಾಲು ಇಂಥ ಹಲ್ಲುಗಳದು, ಅಂಟಿಸಿದ 24 ಗಂಟೆಗಳ ನಂತರದ್ದು. ಹುಳುಕಿಲ್ಲದ ಹಲ್ಲಿಗೆ ಯಾರು ತಾನೆ ಫಿಲ್ಲಿಂಗ್ ಮಾಡಿಸುತ್ತಾರೆ?

ಹುಳುಕು ಹಲ್ಲಿನ ಎರಡು ಪದರ

ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ಪಿಷ್ಟಗಳನ್ನು ತಿಂದು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗತೊಡಗುತ್ತದೆ. ಡೆಂಟಿನ್ ಅದಕ್ಕೂ ಮುಂಚೆಯೇ. ಹುಳುಕು ಡೆಂಟಿನ್ನನ್ನು ಹೊಕ್ಕ ಮೇಲೆ ಅದರಲ್ಲಿ ಎರಡು ಪದರಗಳುಂಟೆಂದು ವರ್ಣದ್ರವ್ಯ ಹಾಕಿ ತೋರಿಸಿಕೊಟ್ಟವರು ಮೇಲೆ ಹೇಳಿದ ಫುಸಾಯಾಮರೇ. ಹೊರಗಿನದು ಸೋಂಕಿದ ಪದರ. ಬ್ಯಾಕ್ಟೀರಿಯಾಗಳಿಂದ ತುಂಬಿ, ಖನಿಜ ಹೋಗಿ, ಕೊಲಾಜನ್ ಎಳೆಗಳೂ ಮುರಿದು, ನೆನೆದ ರಟ್ಟಿನಂತೆ ಮೆತ್ತಗಿರುತ್ತದೆ. ಒಳಗಿನದು ಬಾಧಿತ ಪದರ. ಇಲ್ಲಿ ಖನಿಜದ ಒಂದು ಪಾಲು ಹೋಗಿದ್ದರೂ ಕೊಲಾಜನ್ ಬಲೆ ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಬ್ಯಾಕ್ಟೀರಿಯಾ ಕಡಿಮೆ. ಗಡಸುತನ ಆರೋಗ್ಯವಂತ ಡೆಂಟಿನ್ನಿನ ಅರ್ಧದ ಆಸುಪಾಸಿಗೆ ಇಳಿದು, ಚೂಪು ಸಲಾಕೆಗೆ ಚರ್ಮದಂತೆ ತಗಲುತ್ತದೆ. ಈ ಪದರಕ್ಕೆ ಮತ್ತೆ ಖನಿಜ ತುಂಬಿಕೊಳ್ಳುವ ಶಕ್ತಿ ಇದೆ, ಆದ್ದರಿಂದ ವೈದ್ಯರು ಇದನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಅಂಟು ಕೂರಬೇಕಾದದ್ದೂ ಬಹುಪಾಲು ಇದರ ಮೇಲೆಯೇ.

1990ರ ದಶಕದ ನಡುವಿನಿಂದ ಹತ್ತಾರು ಪ್ರಯೋಗಶಾಲೆಗಳು ಒಂದೇ ಹಲ್ಲಿನ ಆರೋಗ್ಯವಂತ ಭಾಗವನ್ನೂ ಬಾಧಿತ ಭಾಗವನ್ನೂ ಒಂದೇ ಅಂಟಿನಿಂದ ಅಂಟಿಸಿ ಎಳೆದು ನೋಡಿವೆ. ಸಾನೊ ಅವರ ತೆಳುಕಡ್ಡಿ ವಿಧಾನ ಬಂದದ್ದರಿಂದಲೇ ಇದು ಸಾಧ್ಯವಾಯಿತು. ಹುಳುಕಿನ ಅಂಗೈಯಗಲದ ಮೇಲ್ಮೈ ಎಲ್ಲಿ ಸಿಗಬೇಕು? ಬಾಧಿತ ಡೆಂಟಿನ್ನಿಗೆ ಅಂಟುಬಲ ಆರೋಗ್ಯವಂತ ಡೆಂಟಿನ್ನಿಗಿಂತ ಸಾಮಾನ್ಯವಾಗಿ ಶೇಕಡ 20ರಿಂದ 50ರಷ್ಟು ಕಡಿಮೆ. ಸೋಂಕಿದ ಪದರಕ್ಕೆ ಇನ್ನೂ ಕಡಿಮೆ. ಅಂಟಿನ ಬಗೆ ಬದಲಾದರೆ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ, ಒಂದೆರಡು ಪ್ರಯೋಗಗಳಲ್ಲಿ ಇಲ್ಲವೆನ್ನುವಷ್ಟಾಗುತ್ತದೆ. ಆದರೆ ದಿಕ್ಕು ತಿರುಗುವುದಿಲ್ಲ.

ಕಾರಣಗಳನ್ನು ಹುಡುಕಿದಾಗ ಮೊದಲು ಕಂಡದ್ದು ಒಂದು ವಿರೋಧಾಭಾಸ. ಬಾಧಿತ ಡೆಂಟಿನ್ನಿನ ಮೇಲೆ ಮಿಶ್ರಪದರ ತೆಳುವಾಗಿರುವುದಿಲ್ಲ, ದಪ್ಪವಾಗಿರುತ್ತದೆ! ಮೊದಲೇ ಖನಿಜ ಕಳೆದುಕೊಂಡ ಜಾಗವಾದ್ದರಿಂದ ಆಮ್ಲ ಆಳಕ್ಕೆ ಇಳಿಯುತ್ತದೆ. ಆದರೆ ಆಮ್ಲ ಇಳಿದಷ್ಟು ಆಳಕ್ಕೆ ರಾಳ ಇಳಿಯುವುದಿಲ್ಲ. ಖನಿಜ ಹೋದ ಜಾಗವನ್ನು ನೀರು ತುಂಬಿಕೊಂಡಿರುತ್ತದೆ. ಆ ನೀರು ರಾಳವನ್ನು ತೆಳ್ಳಗೆ ಮಾಡಿ ಅದರ ಗಟ್ಟಿಯಾಗುವಿಕೆಯನ್ನೂ ಕೆಡಿಸುತ್ತದೆ. ಮಿಶ್ರಪದರದ ತಳದಲ್ಲಿ ರಾಳ ಮುಟ್ಟದ ಬರಿಯ ಕೊಲಾಜನ್ನಿನ ಪಟ್ಟಿಯೊಂದು ಉಳಿಯುತ್ತದೆ. ಗ್ರಿಫಿತ್ ಹೇಳಿದ ಬಿರುಕು ಹೊರಗಿನಿಂದ ಬರಬೇಕಾಗಿಲ್ಲ, ನಾವೇ ಕಟ್ಟಿಕೊಟ್ಟಂತಾಯಿತು. ದಪ್ಪವನ್ನು ನೋಡಿ ಬಲವನ್ನು ಊಹಿಸಬಾರದು.

ಎರಡನೆಯ ಕಾರಣ ಸೂಕ್ಷ್ಮನಾಳಗಳಲ್ಲಿದೆ. ಹುಳುಕು ಸಮೀಪಿಸುವುದನ್ನು ಅರಿತ ಹಲ್ಲು ತನ್ನ ನಾಳಗಳನ್ನು ಹರಳುಗಳಿಂದ ಮುಚ್ಚಿಕೊಳ್ಳುತ್ತದೆ. ಕೋಟೆಯ ಬಾಗಿಲಿಗೆ ಕಲ್ಲು ಪೇರಿಸಿದಂತೆ. ವಿಟ್ಲಾಕೈಟ್ ಎಂಬ ಈ ಹರಳುಗಳು ಹೈಡ್ರಾಕ್ಸಿಅಪಟೈಟಿಗಿಂತ ಆಮ್ಲಕ್ಕೆ ಹೆಚ್ಚು ತಡೆಯುವಂಥವು. ಆರೋಗ್ಯವಂತ ಡೆಂಟಿನ್ನಿನಲ್ಲಿ ರಾಳ ನಾಳಗಳೊಳಗೆ ಇಳಿದು ಬೇರು ಬಿಡುತ್ತದೆ. ಇಲ್ಲಿ ಬೇರಿಗೆ ದಾರಿಯಿಲ್ಲ. ತಿರುಳನ್ನು ಕಾಯುವ ಹಲ್ಲಿನ ಉಪಾಯವೇ ವೈದ್ಯರ ಅಂಟಿಗೆ ಅಡ್ಡಿ. ಆದರೂ ಇದರಿಂದ ಒಂದು ಲಾಭವುಂಟು: ಮುಚ್ಚಿದ ನಾಳದಿಂದ ದ್ರವ ಒಸರುವುದು ಕಡಿಮೆಯಾಗುತ್ತದೆ.

ಮೂರನೆಯದು ಸುಣ್ಣದ ಗೋಡೆಯ ಕಾರಣ. ಕಿತ್ತುಬಂದ ಕಡ್ಡಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರೋಗ್ಯವಂತ ಡೆಂಟಿನ್ನಿನಲ್ಲಿ ಮುರಿತ ಬಹುಮಟ್ಟಿಗೆ ಅಂಟಿನ ಗಡಿಯಲ್ಲಿರುತ್ತದೆ. ಬಾಧಿತ ಡೆಂಟಿನ್ನಿನಲ್ಲಿ ಎಷ್ಟೋ ಸಲ ಅಂಟಿನ ಕೆಳಗಿನ ಡೆಂಟಿನ್ನೇ ಹರಿದಿರುತ್ತದೆ. ಎಂಥ ಉತ್ತಮ ಅಂಟನ್ನು ತಂದರೂ ತಾನು ಹಿಡಿದ ವಸ್ತುವಿನ ಸ್ವಂತ ಬಲಕ್ಕಿಂತ ಹೆಚ್ಚು ಬಲ ಅದಕ್ಕಿರಲಾರದು. ಎಂಡಿಪಿಯಂಥ ಮಾನೊಮರುಗಳಿಗೆ ಇದರ ಮೇಲೆ ಇನ್ನೊಂದು ಕಷ್ಟ. ಬೆಸೆಯಲು ಕ್ಯಾಲ್ಸಿಯಂ ಬೇಕು, ಬಾಧಿತ ಪದರದಲ್ಲಿ ಅದೇ ಕೊರತೆ.

ಕುಗ್ಗುವ ರಾಳ, ಬಿಸಿ ಕಾಫಿ

ಅಂಟುಬಲ ಕಡಿಮೆಯಾದರೇನಂತೆ, ಅಗಿಯುವಾಗ ಫಿಲ್ಲಿಂಗನ್ನು ಯಾರೂ ಮೇಲಕ್ಕೆ ಎಳೆಯುವುದಿಲ್ಲವಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಟಿನ ಮೊದಲ ಶತ್ರು ಕೋಡುಬಳೆಯಲ್ಲ, ಕಾಂಪೊಸಿಟ್ಟೇ. ನೀಲಿ ಬೆಳಕು ಬಿದ್ದಾಗ ಅದರಲ್ಲಿನ ಮಾನೊಮರುಗಳು ಕೈಕೈ ಹಿಡಿದು ಸರಪಳಿಯಾಗುತ್ತವೆ, ಒಂದಕ್ಕೊಂದು ಹತ್ತಿರವಾಗುತ್ತವೆ. ಗಾತ್ರ ಶೇಕಡ 2-3ರಷ್ಟು ಕುಗ್ಗುತ್ತದೆ, ಉದ್ದದ ಲೆಕ್ಕದಲ್ಲಿ ಸುಮಾರು ಶೇಕಡ 1. ಕಾಂಪೊಸಿಟ್ಟಿನ ಸ್ಥಿತಿಸ್ಥಾಪಕ ಗುಣಾಂಕ 10 ಗಿಗಾಪಾಸ್ಕಲ್ ಎಂದಿಟ್ಟುಕೊಂಡು ಅದರ ನೂರರಲ್ಲಿ ಒಂದು ಭಾಗವನ್ನು ತೆಗೆದರೆ 100 ಮೆಗಾಪಾಸ್ಕಲ್ ಪೀಡನ! ಇಷ್ಟು ಬಂದರೆ ಯಾವ ಅಂಟೂ ಉಳಿಯದು. ಪುಣ್ಯಕ್ಕೆ ಗಟ್ಟಿಯಾಗುವ ಮೊದಲ ಹಂತದಲ್ಲಿ ಕಾಂಪೊಸಿಟ್ ಇನ್ನೂ ಹರಿಯಬಲ್ಲದು, ಹಲ್ಲೂ ತುಸು ಬಾಗುತ್ತದೆ, ಹಾಗಾಗಿ ನಿಜವಾದ ಪೀಡನ ಇದರ ಒಂದು ಪಾಲು ಮಾತ್ರ. ಆ ಪಾಲೂ ಅಂಟುಬಲದ ಹತ್ತಿರಕ್ಕೆ ಬರುವಷ್ಟಿರುತ್ತದೆ.

ಹರಿಯಲು ಬಿಡುವುದು ಅಂಟದ ಮೇಲ್ಮೈ. ಅಂಟಿದ ಮೇಲ್ಮೈಗೂ ಅಂಟದ ಮೇಲ್ಮೈಗೂ ಇರುವ ಅನುಪಾತವನ್ನು ಫೀಲ್ಜರ್ ಮತ್ತು ಸಂಗಡಿಗರು 1987ರಲ್ಲಿ ಲೆಕ್ಕಕ್ಕೆ ತಂದರು. ಪೆಟ್ಟಿಗೆಯಂಥ ಗುಳಿಗೆ ನಾಲ್ಕು ಗೋಡೆ, ಒಂದು ತಳ, ತೆರೆದದ್ದು ಬಾಯಿ ಒಂದೇ. ಅನುಪಾತ 5, ಪೀಡನ ಹೆಚ್ಚು. ಕಾಂಪೊಸಿಟ್ಟನ್ನು ಒಮ್ಮೆಗೇ ತುಂಬದೆ 2 ಮಿಲಿಮೀಟರ್ ಪದರಗಳಾಗಿ ಹಾಕುವುದಕ್ಕೆ ಇದೂ ಒಂದು ಕಾರಣ. ಬೆಳಕು ಆಳಕ್ಕೆ ಇಳಿಯದೆಂಬುದು ಇನ್ನೊಂದು. ಈಗ ಗುಳಿಯ ಗೋಡೆಗಳು ಗಟ್ಟಿ, ತಳ ಬಾಧಿತ ಎಂದು ಊಹಿಸಿ. ಕುಗ್ಗುವ ಕಾಂಪೊಸಿಟ್ ಗಟ್ಟಿ ಹಿಡಿದ ಗೋಡೆಗಳ ಕಡೆಗೆ ಸರಿದು ದುರ್ಬಲ ತಳವನ್ನು ಬಿಟ್ಟು ಮೇಲೇಳುತ್ತದೆ. ಕೆಳಗೆ ಕಾಣದ ಸಂದು.

ಆಮೇಲೆ ದಿನನಿತ್ಯದ ಬಿಸಿ ತಂಪು. ಡಿಗ್ರಿಗೆ ಹಲ್ಲು ಹಿಗ್ಗುವುದು ಹತ್ತು ಲಕ್ಷದಲ್ಲಿ ಸುಮಾರು 10 ಭಾಗ. ಕಾಂಪೊಸಿಟ್ ಅದರ ಎರಡು ಮೂರು ಪಟ್ಟು. ಒಂದು ಲೋಟ ಫಿಲ್ಟರ್ ಕಾಫಿ, ಒಂದು ಐಸ್‌ಕ್ರೀಮ್. ಗಡಿಯಲ್ಲಿ ಪ್ರತಿಸಲವೂ ಸಣ್ಣ ಎಳೆದಾಟ. ಪ್ರಯೋಗಶಾಲೆಯಲ್ಲಿ ಇದನ್ನೇ 5 ಮತ್ತು 55 ಡಿಗ್ರಿ ನೀರಿನ ತೊಟ್ಟಿಗಳಲ್ಲಿ ಸಾವಿರಾರು ಸಲ ಅದ್ದಿ ಅನುಕರಿಸುತ್ತಾರೆ.

ಅದಕ್ಕಿಂತ ಸೂಕ್ಷ್ಮವಾದ ನಷ್ಟ ಕಾಲದ್ದು. ರಾಳ ಮುಟ್ಟದೆ ಬೆತ್ತಲಾಗಿ ಉಳಿದ ಕೊಲಾಜನ್ನನ್ನು ಡೆಂಟಿನ್ನಿನಲ್ಲೇ ಹುದುಗಿರುವ ಕಿಣ್ವಗಳು ನಿಧಾನವಾಗಿ ತಿನ್ನುತ್ತವೆ ಎಂದು ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾ ಬೇಕಾಗಿಲ್ಲ, ಹಲ್ಲಿನದೇ ಕಿಣ್ವ ಸಾಕು. ಹುಳುಕು ತಗಲಿದ ಡೆಂಟಿನ್ನಿನಲ್ಲಿ ಈ ಕಿಣ್ವಗಳ ಚಟುವಟಿಕೆ ಹೆಚ್ಚು. 24 ಗಂಟೆಗಳ ಅಂಕಿ ಎರಡು ವರ್ಷದ ಕತೆಯನ್ನು ಹೇಳದಿರುವುದು ಇದರಿಂದ. ಆಮ್ಲ ತೊಳೆದ ಮೇಲೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಈ ಕಿಣ್ವಗಳನ್ನು ತಡೆಯುವ ಪ್ರಯತ್ನ ಪ್ರಯೋಗಶಾಲೆಯಲ್ಲಿ ಫಲ ಕೊಟ್ಟಿದೆ. ಬಾಯಿಯಲ್ಲಿ ಅಷ್ಟು ಸ್ಪಷ್ಟವಾಗಿಲ್ಲ.

ಹಾಗಾದರೆ ಎಷ್ಟು ಕೆರೆಯಬೇಕು?

ಇಷ್ಟು ಓದಿದವರು ಹುಳುಕನ್ನೆಲ್ಲ ತೆಗೆದು ಗಟ್ಟಿ ಡೆಂಟಿನ್ ಸಿಗುವವರೆಗೆ ಕೊರೆದುಬಿಡಲಿ ಎನ್ನಬಹುದು. ನಾನೂ ಮೊದಲು ಹಾಗೇ ಅಂದೆ. ಅಂಟಿನ ದೃಷ್ಟಿಯಿಂದ ಅದು ಸರಿ. ಆದರೆ ಆಳವಾದ ಹುಳುಕಿನಲ್ಲಿ ತಳಕ್ಕೂ ತಿರುಳಿಗೂ ನಡುವೆ ಅರ್ಧ ಮಿಲಿಮೀಟರೂ ಉಳಿದಿರುವುದಿಲ್ಲ. ಕೊರೆದರೆ ತಿರುಳು ತೆರೆದುಕೊಳ್ಳುತ್ತದೆ. ಆಮೇಲೆ ಬೇರುನಾಳ ಚಿಕಿತ್ಸೆ, ಟೋಪಿ, ಸಾವಿರಾರು ರೂಪಾಯಿ. ಹಳ್ಳಿಯವರಿಗಾದರೆ ಬಹುಪಾಲು ಹಲ್ಲು ಕೀಳಿಸುವುದೇ. ಹೆಚ್ಚು ಅಂಟುಬಲ ಬೇಕೋ ಜೀವಂತ ಹಲ್ಲು ಬೇಕೋ ಎಂಬುದು ಪ್ರಶ್ನೆ.

ಅಮೆರಿಕದ ಈವಾ ಮರ್ಟ್ಜ್-ಫೇರ್‌ಹರ್ಸ್ಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಹತ್ತು ವರ್ಷಗಳ ಅಧ್ಯಯನ ಈ ಗಂಟನ್ನು ಬಿಡಿಸಲು ನೆರವಾಯಿತು. ಅವರು ಕೆಲವು ಹಲ್ಲುಗಳಲ್ಲಿ ಹುಳುಕನ್ನು ತೆಗೆಯಲೇ ಇಲ್ಲ. ಗುಳಿಯ ಅಂಚಿನ ಆರೋಗ್ಯವಂತ ಎನಾಮಲ್ಲನ್ನು ಮಾತ್ರ ಓರೆಯಾಗಿ ಸವರಿ, ಅದಕ್ಕೆ ಅಂಟು ಹಿಡಿಸಿ, ಒಳಗಿನ ಹುಳುಕಿನ ಮೇಲೆಯೇ ಮುಚ್ಚಿದರು. ಮುಚ್ಚಳ ಬಿಗಿಯಾಗಿದ್ದ ಹಲ್ಲುಗಳಲ್ಲಿ ಹತ್ತು ವರ್ಷವಾದರೂ ಹುಳುಕು ಮುಂದುವರಿಯಲಿಲ್ಲ. ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯ ಸರಬರಾಜು ನಿಂತಿತ್ತು. ಭೌತಶಾಸ್ತ್ರದವನ ಕಣ್ಣಿಗೆ ಇದರಲ್ಲಿ ಕಾಣುವುದು ಕೆಲಸದ ಹಂಚಿಕೆ. ಅಂಟು ಗುಳಿಯ ಎಲ್ಲೆಡೆಯೂ ಸಮನಾಗಿ ಹಿಡಿಯಬೇಕಾಗಿಲ್ಲ. ಪ್ರೆಶರ್ ಕುಕ್ಕರಿನ ರಬ್ಬರ್ ಬಳೆಯಂತೆ ಅಂಚಿನ ಸುತ್ತ ಬಿಗಿಯಾಗಿದ್ದರೆ ಒಳಗಿನದು ಒಳಗೇ ಇರುತ್ತದೆ.

2016ರಲ್ಲಿ ದಂತಕ್ಷಯ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ನೀಡಿದ ಸಲಹೆಯೂ ಇದೇ ಜಾಡಿನದು. ಗುಳಿಯ ಅಂಚಿನ ಸುತ್ತ ಗಟ್ಟಿ ಎನಾಮಲ್, ಗಟ್ಟಿ ಡೆಂಟಿನ್ ಸಿಗುವ ತನಕ ಶುಚಿಮಾಡಬೇಕು. ತಿರುಳಿನ ಮೇಲಿನ ತಳದಲ್ಲಿ ಮಾತ್ರ, ಹುಳುಕು ಆಳವಾಗಿದ್ದರೆ, ಮೆತ್ತನೆಯ ಡೆಂಟಿನ್ನನ್ನು ಬಿಡಬಹುದು. ಅಂಚು ಅಂಟಿಗೆ, ತಳ ತಿರುಳಿಗೆ. ಇದರಲ್ಲಿ ನಷ್ಟವೇ ಇಲ್ಲವೆಂದಲ್ಲ. ಮೆತ್ತನೆಯ ತಳದ ಮೇಲೆ ಕುಳಿತ ಕಾಂಪೊಸಿಟ್ ಅಗಿಯುವಾಗ ಹೆಚ್ಚು ಬಾಗುತ್ತದೆ. ಅಂಚಿನಲ್ಲಿ ಗಟ್ಟಿ ಡೆಂಟಿನ್ನಿನ ಪಟ್ಟಿ ಕಿರಿದಾದರೆ ಅದೇ ಬಾಗುವಿಕೆ ಅಂಟನ್ನು ಕೀಳುತ್ತದೆ. ನನ್ನ ಕೋಡುಬಳೆಯ ದಿನ ಆದದ್ದು ಬಹುಶಃ ಇದೇ. ಹಿಂದಿನ ಸಲ ತಳದಲ್ಲಷ್ಟೇ ಅಲ್ಲ, ಒಂದು ಬದಿಯ ಅಂಚಿನಲ್ಲೂ ಕಂದು ಪದರ ಉಳಿದಿತ್ತು.

ಗ್ಲಾಸ್ ಅಯನೋಮರ್ ಎಂಬ ಇನ್ನೊಂದು ಬಳಗದ ಪದಾರ್ಥವಿದೆ. 1970ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ್ದು. ಜನರ ಬಾಯಲ್ಲಿ 'ಸಿಮೆಂಟು' ಎಂಬ ಹೆಸರಿಗೆ ನಿಜವಾಗಿ ಅರ್ಹವಾದುದು ಇದೇ. ಅಂಟುಬಲದ ಪಟ್ಟಿಯಲ್ಲಿ ಇದರ ಸ್ಥಾನ ಕೆಳಗೆ. ಆದರೆ ನೀರಿಗೆ ಹೆದರುವುದಿಲ್ಲ, ಕುಗ್ಗುವಾಗ ಹೆಚ್ಚು ಪೀಡನ ಹುಟ್ಟಿಸುವುದಿಲ್ಲ, ಕ್ಯಾಲ್ಸಿಯಮ್ಮಿಗೆ ರಾಸಾಯನಿಕವಾಗಿ ಕೂಡುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ವಿದ್ಯುತ್ತಿಲ್ಲದ ಊರಿನಲ್ಲಿ ಕೈಸಲಾಕೆಯಿಂದಲೇ ಹುಳುಕು ಕೆರೆದು ಇದನ್ನು ತುಂಬುವ ವಿಧಾನ 1980ರ ದಶಕದಲ್ಲಿ ಟಾಂಜಾನಿಯದಲ್ಲಿ ಆರಂಭವಾಗಿ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲವನ್ನೂ ಪಡೆಯಿತು. ಮೆಗಾಪಾಸ್ಕಲ್ ಒಂದನ್ನೇ ನೋಡಿ ಆಯ್ದಿದ್ದರೆ ಇದನ್ನು ಯಾರೂ ಮುಟ್ಟುತ್ತಿರಲಿಲ್ಲ.

ನನ್ನ ಹಲ್ಲಿಗೆ ಈ ಸಲ ಆಕೆ ಅಂಚನ್ನು ಸುತ್ತಲೂ ಗಟ್ಟಿ ಸದ್ದು ಬರುವ ತನಕ ಶುಚಿಮಾಡಿದರು. ತಳದ ಚರ್ಮದಂಥ ಕಂದು ಪದರವನ್ನು ಹಾಗೇ ಬಿಟ್ಟು, ಅದರ ಮೇಲೆ ಗ್ಲಾಸ್ ಅಯನೋಮರ್ ಹರಡಿ, ಮೇಲೆ ಕಾಂಪೊಸಿಟ್ ಹಾಕಿದರು. ಆಮೇಲೆ ಒಂದು ಚೀಟಿ ಬರೆದು ಕೈಗಿತ್ತರು. "ಎಕ್ಸ್-ರೇ ತೆಗೆದರೆ ಕೆಳಗೆ ಕಪ್ಪು ಕಾಣುತ್ತೆ ಸಾರ್. ಗೊತ್ತಿಲ್ಲದವರು ಹುಳುಕು ಉಳಿದಿದೆ ಅಂತ ಮತ್ತೆ ಕೊರೆಯೋಕೆ ಹೊರಟಾರು. ಬೇಕೆಂದೇ ಬಿಟ್ಟದ್ದು ಅಂತ ಇದರಲ್ಲಿ ಬರೆದಿದ್ದೀನಿ, ಎಲ್ಲಿ ಹೋದರೂ ಮೊದಲು ಇದನ್ನ ತೋರಿಸಿ." ಚೀಟಿ ನನ್ನ ಪಾಕೀಟಿನಲ್ಲಿದೆ.